ಗಂಗಕ್ಕ ಒತ್ತಿದ ಸ್ವಿಚ್ಚು

ಹಿಮಾಯತ್‌ನಗರದ ಹಿಂದಿನ ಕಮಾನ್ ಗಲ್ಲಿಯಲ್ಲಿ ಗಂಗಕ್ಕನ ಬಾಯಿಗೆ ಹೆದರದವರಿಲ್ಲ. ಗಂಡನ ಜೊತೆ ಇಟ್ಟಿಗೆ ಹೊರಲು ಸೇಡಂ ಕಡೆಯಿಂದ ಬಂದವಳು ಅವಳು. ಗಂಡ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ ಮೇಲೂ ಊರಿಗೆ ಮರಳಲಿಲ್ಲ. ಕಲ್ಲಿನ ಕಮಾನಿನ ಪಕ್ಕದ ಒಂದೇ ಕೋಣೆಯಲ್ಲಿ ಒಲೆ ಹೂಡಿ, ಜೋಳದ ರೊಟ್ಟಿ ಬಡಿದು ಮಾರಿ, ಮಗಳನ್ನು ಓದಿಸಿ ಬೀದರಿಗೆ ಮದುವೆ ಮಾಡಿ ಕೊಟ್ಟಳು. ನೀರಿನ ಟ್ಯಾಂಕರಿನವನ ಜೊತೆ ತೆಲುಗಿನಲ್ಲಿ ಜಗಳ, ತರಕಾರಿಯವನ ಜೊತೆ ಹಿಂದಿಯಲ್ಲಿ, ದೇವರ ಜೊತೆ ಮಾತ್ರ ಕನ್ನಡದಲ್ಲಿ.

ಗಾರೆ ಮೆತ್ತಿದ ಆ ಕಮಾನು ಬಹಳ ಹಳೆಯದು. ಕಾಪಾಡಬೇಕಾದ ಜಾಗವೆಂದು ಸರಕಾರ ಗಲ್ಲಿಯನ್ನು ಗುರುತಿಸಿತ್ತು; ಅಲ್ಲಿ ಝಗಝಗಿಸುವ ಬೋರ್ಡು ಹಾಕುವಂತಿಲ್ಲ. ಆದರೂ ಕಮಾನಿನ ಬುಡದಲ್ಲಿ ಹೊಸದಾಗಿ ಮಕ್ಕಳ ಬಟ್ಟೆ ಅಂಗಡಿ ಇಡಲಿದ್ದ ಭೀಮಾಶಂಕರ, ಅದರ ನೆತ್ತಿಯ ಮೇಲೆ ಓಡುವ ದೀಪದ ಬೋರ್ಡು ತರಿಸುತ್ತಿದ್ದಾನೆಂದು ಸುದ್ದಿ ಹಬ್ಬಿತು. ಗಲ್ಲಿಯವರೆಲ್ಲ ಬಾವಿಕಟ್ಟೆಯ ಹತ್ತಿರ ಸಭೆ ಸೇರಿ, ಪಾಲಿಕೆಗೆ ದೂರು ಕೊಡುವುದೆಂದು ತೀರ್ಮಾನಿಸಿದರು.

ಎದುರು ಮಹಡಿಯ ನಳಿನಿ ಮೈಸೂರಿನವಳು, ತೊಡೆಯ ಮೇಲೆ ಆರು ತಿಂಗಳ ಕೂಸು. ಅವಳು ಹೇಳಿದಳು, "ಗಂಗಮ್ಮ, ಪಾಲಿಕೆಯವರು ಬಂದಾಗ ನೀವೇ ಮಾತಾಡಬೇಕು. ಇಲ್ಲಿಗೆ ಎಲ್ಲರಿಗಿಂತ ಹಳಬರು ನೀವು."

"ಮಾತಾಡತೀನಿ ಬಿಡವ್ವ. ಆ ಲೈಟು ಹತ್ತಿದ್ರ ನಾನs ಹೋಗಿ ಕಸಬರಿಗಿಲೆ ಬಡಿತೀನಿ!"

"ಬೋರ್ಡಿಗೋ, ಅಂಗಡಿಯವನಿಗೋ?" ಎಂದು ಕೇಳಿದರು ಸಂಘದ ಅಧ್ಯಕ್ಷರಾದ ಚಂದ್ರಹಾಸರು.

"ಯಾವುದು ಮೊದಲ ಸಿಗತೈತಿ ಅದಕ್ಕರಿ!"

ಸಭೆ ನಕ್ಕಿತು. ಮರುದಿನ ಬೈಯಲೆಂದೇ ಸೆರಗು ಸಿಕ್ಕಿಸಿಕೊಂಡು ಗಂಗಕ್ಕ ಅಂಗಡಿಗೆ ಹೋದಳು. ಏಣಿಯ ಮೇಲಿದ್ದ ಭೀಮಾಶಂಕರ ಇಳಿದು ಬಂದು ಕಾಲಿಗೆ ಬಿದ್ದ.

"ಅಕ್ಕಾ, ನಾನs ನಿಮ್ಮ ಕಡಿಗೆ ಬರಾಂವ ಇದ್ದೆ. ಶುಕ್ರವಾರ ಅಂಗಡಿ ಸುರು. ನೀವs ಬಂದು ಸ್ವಿಚ್ ಒತ್ತಬೇಕ್ರಿ."

"ಹುಚ್ಚ ಹಿಡದೈತೇನೋ ನಿನಗ? ನನ್ನ ಬೋಳ ಹಣಿ ಕಾಣಸೂದಿಲ್ಲೇನು?"

"ನಮ್ಮವ್ವನೂ ಹಂಗs ಅಂದ್ಲು, ನಾ ಕೇಳಲಿಲ್ಲ. ಈ ಊರಿಗೆ ಬಂದ ಹೊಸದರಾಗ ಉಪಾಸ ಇದ್ದಾಗ ರೊಟ್ಟಿ ಕೊಟ್ಟ ಕೈ ರೀ ಇದು. ಇದಕ್ಕಿಂತ ಚೊಲೊ ಕೈ ನಾ ಎಲ್ಲಿ ಹುಡುಕಲಿ?"

ಗಂಗಕ್ಕ ತಂದಿದ್ದ ಬೈಗುಳವೆಲ್ಲ ಗಂಟಲಲ್ಲೇ ಕರಗಿತು. ಗಂಡ ಹೋದಂದಿನಿಂದ ಯಾವ ಮಂಗಳಕಾರ್ಯದಲ್ಲೂ ಅವಳು ಮುಂದೆ ನಿಂತವಳಲ್ಲ. ಸ್ವಂತ ಮಗಳ ಮದುವೆಯಲ್ಲಿ ಎಲ್ಲರೂ ಅಕ್ಕಿಕಾಳು ಹಾಕುವಾಗ ಕಂಬದ ಹಿಂದೆ ನಿಂತು ಸೆರಗು ಕಚ್ಚಿದ್ದವಳು.

"ಬೋರ್ಡು..." ಎಂದಳಷ್ಟೆ.

"ಭಾರಿ ಐತ್ರಿ ಅಕ್ಕ, ನೋಡ್ರಂತ!"

ಶುಕ್ರವಾರ ಸಂಜೆ ಇಳಕಲ್ ಸೀರೆ ಉಟ್ಟು ಹೋದಳು. ಬರೀ ಕಾಯಿ ಒಡೆದು ಬಂದರಾಯಿತು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಕಾಯಿ ಒಡೆದದ್ದು ಪೂಜಾರಿ. ಸ್ವಿಚ್ಚಿನ ಮುಂದೆ ಅವಳನ್ನೇ ನಿಲ್ಲಿಸಿದರು. ಸುತ್ತ ಮುತ್ತೈದೆಯರು, ಮುಂದೆ ಫೋಟೋ ತೆಗೆಯುವವರು. ಬೇಡವೆನ್ನಲು ಆಗಲೂ ಹೊತ್ತಿತ್ತು. ಅವಳು ಒತ್ತಿದಳು.

ಕಮಾನಿನ ನೆತ್ತಿಯಲ್ಲಿ ಕೆಂಪು ಓಡಿತು, ಹಿಂದೆಯೇ ನೀಲಿ ಓಡಿತು. ಚಪ್ಪಾಳೆ ಬಿತ್ತು. ತಲೆಯೆತ್ತಿದರೆ ಎದುರಿನ ಕಿಟಕಿಯಲ್ಲಿ ನಳಿನಿ. ಹೆಗಲ ಮೇಲೆ ಆಗಷ್ಟೇ ಕಣ್ಣು ಮುಚ್ಚಿದ್ದ ಕೂಸಿನ ಮುಖ ಒಮ್ಮೆ ಕೆಂಪು, ಒಮ್ಮೆ ನೀಲಿ. ಅದು ಬೆಚ್ಚಿ ಚೀರಿತು. ನಳಿನಿ ಕಿಟಕಿಗೆ ಬೆಡ್‌ಶೀಟು ಎಳೆದಳು.

ದಾರಿಯಲ್ಲಿ ಹೊರಟಿದ್ದ ಚಂದ್ರಹಾಸರು ನಿಂತು ಮೆಲ್ಲಗೆ ಕೇಳಿದರು, "ಕಸಬರಿಗೆ ಮನೇಲೇ ಬಿಟ್ಟು ಬಂದ್ರಾ ಗಂಗಮ್ಮ?"

ಗಂಗಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೊಟ್ಟ ಪೇಢೆಯನ್ನು ಮುಷ್ಟಿಯಲ್ಲೇ ಹಿಸುಕಿಕೊಂಡು ಮನೆಗೆ ಬಂದಳು. ಆಮೇಲೆ ಗಲ್ಲಿಯವರು ರೊಟ್ಟಿಗೆ ಬರುವುದನ್ನೇನೂ ಬಿಡಲಿಲ್ಲ. ಆದರೆ ಹೊಸ್ತಿಲಲ್ಲಿ ಕೂತು ಹರಟುವುದನ್ನು ಬಿಟ್ಟರು. ನಳಿನಿ ಬಂದವಳು ಚೀಲ ಚಾಚಿ ತುಂಬಿಸಿಕೊಂಡು ಹೋದಳು, ಕಣ್ಣಡಿ ಕಪ್ಪಾಗಿತ್ತು. ಕೂಸು ಹೇಗಿದೆಯೆಂದು ಕೇಳುವ ಮುಖ ಗಂಗಕ್ಕನಿಗಿರಲಿಲ್ಲ.

ಸೋಮವಾರ ಪಾಲಿಕೆಯ ಅಧಿಕಾರಿ ಬಂದ. ಗಲ್ಲಿ ಕಮಾನಿನ ಕೆಳಗೆ ನೆರೆಯಿತು. ಚಂದ್ರಹಾಸರು ತಕರಾರು ಶುರು ಮಾಡುವಷ್ಟರಲ್ಲಿ ಭೀಮಾಶಂಕರ ಮೊಬೈಲಿನಲ್ಲಿ ಫೋಟೋ ತೋರಿಸಿದ. "ಗಲ್ಲಿಯ ಹಿರಿಯಾಕೆಯೇ ದೀಪ ಹಚ್ಚಿದ್ದಾರೆ ಸಾರ್. ವಿರೋಧ ಎಲ್ಲಿದೆ?" ಎಂದ ತೆಲುಗಿನಲ್ಲಿ. ಅಧಿಕಾರಿ ಫೋಟೋವನ್ನೂ ಗಂಗಕ್ಕನನ್ನೂ ನೋಡಿ ನಕ್ಕ. "ಇದು ನೀವೇ ಅಲ್ಲವಾ ಅಮ್ಮ?"

ಒಲೆಯ ಮೇಲೆ ಹಂಚು ಇದೆಯೆಂದು ಒಳಗೆ ಸರಿಯಬಹುದಿತ್ತು. ಅವಳು ನಿಂತಲ್ಲೇ ತನ್ನ ಮುರುಕು ತೆಲುಗಿನಲ್ಲಿ ಹೇಳಿದಳು: ಒತ್ತಿದ್ದು ನಾನೇ. ತಪ್ಪು ಅಂತ ಗೊತ್ತಿದ್ದೂ ಒತ್ತಿದೆ. ನಾಲ್ಕು ಜನರ ಮುಂದೆ ಒಮ್ಮೆ ನಿಲ್ಲುವ ಆಸೆ, ಅದಕ್ಕೇ ಒತ್ತಿದೆ. ನನ್ನನ್ನು ನೋಡಿ ನಗಿ, ಬೇಡ ಅನ್ನುವುದಿಲ್ಲ. ಆದರೆ ಗಾರೆ ಬಿರಿಯುವ ಹಾಗೆ ಮೊಳೆ ಹೊಡೆದದ್ದು ನೋಡಿ, ಆ ಕಿಟಕಿಯ ಬೆಡ್‌ಶೀಟು ನೋಡಿ. ಕೂಸು ಮಲಗಿಲ್ಲ. ಬೋರ್ಡು ತೆಗೆಸಿ.

ಅಧಿಕಾರಿ ನಗು ನಿಲ್ಲಿಸಿ ಮೊಳೆಗಳ ಫೋಟೋ ತೆಗೆದುಕೊಂಡ. ದೀಪದ ಬೋರ್ಡು ಇವತ್ತೇ ಇಳಿಯಬೇಕು, ಬೇಕಿದ್ದರೆ ಬಣ್ಣದ ಬೋರ್ಡನ್ನು ಅಂಗಡಿಯ ಬಾಗಿಲಿಗೆ ಹಾಕಿಕೋ ಎಂದ.

ಭೀಮಾಶಂಕರ ಕೂಗಾಡಲಿಲ್ಲ. ಏಣಿ ಹತ್ತುವ ಮುನ್ನ ಗಂಗಕ್ಕನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ, "ನಮ್ಮವ್ವ ಬ್ಯಾಡ ಅಂದಿದ್ಲು ಅಕ್ಕ. ಅಂಥಾ ಕೈ ಮುಂದ ಮಾಡಬ್ಯಾಡ, ಅಂಗಡಿ ಏಳೂದಿಲ್ಲ ಅಂದಿದ್ಲು."

ಇಷ್ಟು ವರ್ಷ ಕಂಬದ ಹಿಂದೆ ನಿಂತವಳಿಗೆ ಅವನ ಅವ್ವನ ಮಾತು ಒಳಗೆಲ್ಲೋ ನಿಜವೆಂದೇ ಕೇಳಿಸಿತು.

ಸಂಜೆ ಚಂದ್ರಹಾಸರೂ ನಳಿನಿಯೂ ಬಾಗಿಲಿಗೆ ಬಂದರು. ಶನಿವಾರದ ಸಭೆಯಲ್ಲಿ ಶಾಲು ಹೊದಿಸುತ್ತೇವೆ, ಬರಬೇಕು ಎಂದರು ಚಂದ್ರಹಾಸರು.

"ಬ್ಯಾಡ್ರಿ. ನನಗ ಹೊತ್ತಿಲ್ಲ," ಎಂದಳು ಗಂಗಕ್ಕ, ಹಿಟ್ಟು ನಾದುವ, ಆಗಲೇ ತೊಳೆದಿದ್ದ ಕೊಣಮಿಗೆಯನ್ನೇ ಮತ್ತೆ ತೊಳೆಯುತ್ತ.

ಚಂದ್ರಹಾಸರು ಹೋದರು. ನಳಿನಿ ನಿಂತಳು. "ಪಾಪು ಮಲಗಿತು ಗಂಗಮ್ಮ. ನಿಮ್ಮಿಂದ."

"ನನ್ನಿಂದನs ಎದ್ದಿತ್ತವ್ವ."

ನಳಿನಿ ಏನೋ ಹೇಳಹೊರಟಳು. ಗಂಗಕ್ಕ ತಲೆಯೆತ್ತದೆ ಹೇಳಿದಳು, "ಕೂಸಿಗೆ ಅಂಗಿ ಬೇಕಾಗಿರತಾವಲ್ಲ, ದಿನಾ ಬೆಳಿತಾವ. ನಾಳೆ ಮುಂಜಾನೆ ಭೀಮಾಶಂಕರನ ಅಂಗಡ್ಯಾಗ ತಗೋ. ಬೋಣಿ ನಿಂದs ಆಗಲಿ, ಗಂಡ, ಕೂಸು ಇದ್ದು ಹೊಟ್ಟಿ ತಣ್ಣಗಿದ್ದಾಕಿ ನೀ."

"ತಗೋತೀನಿ. ನೀವೂ ಬನ್ನಿ."

"ನಾ ಬ್ಯಾಡವ್ವ. ನಾ ಹೇಳಿ ಕಳಿಸೀನಿ ಅಂತನೂ ಅನಬ್ಯಾಡ."