ಮನೀಷಾಳ ನಲವತ್ತೇಳೂವರೆ

೧೯೯೭ರಲ್ಲಿ ಬಿ.ಎಸ್ಸಿ. ಮುಗಿಸಿದ ಮನೀಷಾಳಿಗೆ ಹುಮನಾಬಾದಿನ ಒಂದು ಕೆಮಿಕಲ್ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮೂರು ತಿಂಗಳು ನೋಡಿ, ಸರಿ ಬಂದರೆ ಖಾಯಂ ಮಾಡುತ್ತೇವೆ ಎಂದಿದ್ದರು. ದಿನಾ ಬೆಳಿಗ್ಗೆ ಬಸವಕಲ್ಯಾಣದಲ್ಲಿ ಬಸ್ಸು ಹತ್ತಿ, ಸೀಟು ಸಿಗದೆ ನಡುದಾರಿಯ ರಾಜೇಶ್ವರದವರೆಗೆ ನಿಂತೇ ಹೋಗುತ್ತಿದ್ದಳು. ಅವಳಿಗೆ ಆ ಕೆಲಸ ಬೇಕೇ ಬೇಕಾಗಿತ್ತು. ಲ್ಯಾಬಿನಲ್ಲಿ ಬಳೆ ತೊಡುವಂತಿಲ್ಲ ಎಂದಾಗ ಅಂದೇ ಬಿಚ್ಚಿಟ್ಟಳು. ಬಳೆಗಾರ್ತಿ ಬೀಬಿಜಾನಳ ಪಕ್ಕದ ಮನೆಯಲ್ಲೇ ಬೆಳೆದವಳಿಗೆ ಅದೇನು ಸಣ್ಣ ಮಾತೇ?

ಮೂರನೇ ತಿಂಗಳ ಕೊನೆಯ ಶನಿವಾರ ಮುಖ್ಯ ಕೆಮಿಸ್ಟ್ ಸಂಜೀವಕುಮಾರ ಒಂದು ಲೆಕ್ಕ ಕೊಟ್ಟರು. ಮೆಥನಾಲ್‌ನ ಅಣುತೂಕ ಮೂವತ್ತೆರಡು, ಟೊಲ್ಯೂಯೀನ್‌ನದು ತೊಂಬತ್ತೆರಡು. ಎರಡನ್ನೂ ಒಂದು ಡ್ರಮ್ಮಿನಲ್ಲಿ ಸಮತೂಕ ಬೆರೆಸಿದರೆ ಸರಾಸರಿ ಅಣುತೂಕ ಎಷ್ಟು? ಮನೀಷಾ ಥಟ್ಟನೆ ಅರವತ್ತೆರಡು ಎಂದು ಬರೆದಳು. ಅವರು ಕೆಂಪು ಗೆರೆ ಎಳೆದರು.

"ನಲವತ್ತೇಳೂವರೆ ಬರಬೇಕು. ಯಾಕ ಅಂತ ಸೋಮವಾರ ಹೇಳ್ರಿ. ಹೇಳಿದ್ರ ಖಾಯಂ."

"ಅರ್ಧಕ್ಕ ಅರ್ಧ ಹಾಕೇವಲ್ರಿ ಸರ್?"

ಸಂಜೀವಕುಮಾರ ರಿಜಿಸ್ಟರು ಎತ್ತಿಕೊಂಡು ಎದ್ದು ಹೋದರು.

ಬಸ್ಸಿನಲ್ಲಿ ಪುಸ್ತಕ ತೆರೆದಳು. ತೂಕವನ್ನು ಅಣುತೂಕದಿಂದ ಭಾಗಿಸು, ಕೂಡಿಸು, ಒಟ್ಟು ತೂಕವನ್ನು ಅದರಿಂದ ಭಾಗಿಸು. ಹಾಗೆ ಮಾಡಿದರೆ ನಲವತ್ತೇಳೂವರೆ ಬಂದೇ ಬಂತು! ಯಾಕೆ ಬಂತು ಎಂದು ಮಾತ್ರ ಪುಸ್ತಕ ಬಾಯಿ ಬಿಡಲಿಲ್ಲ. ಇಂಥ ಪುಸ್ತಕ ಬರೆದವರನ್ನು ರಾಜೇಶ್ವರದವರೆಗೆ ನಿಲ್ಲಿಸಿಕೊಂಡು ಹೋಗಬೇಕು. ಅರ್ಧಕ್ಕೆ ಅರ್ಧ ಹಾಕಿದರೆ ಸರಾಸರಿ ನಡುವೆ ಬರಬೇಕಲ್ಲ? ರಾತ್ರಿ ರೊಟ್ಟಿ ಬಡಿಯುವಾಗಲೂ ಅದೇ ಗೊಂದಲ. ಎರಡು ರೊಟ್ಟಿ ಸೀದವು.

ಭಾನುವಾರ ಬೀಬಿಜಾನಳಿಗೆ ಹೈದರಾಬಾದಿನಿಂದ ಮಾಲು ಬಂತು. ಒಂದು ಗಂಟಿನಲ್ಲಿ ಕಿಲೋ ದಪ್ಪ ಬಳೆ, ಇನ್ನೊಂದರಲ್ಲಿ ಕಿಲೋ ತೆಳು ಬಳೆ. ಎಣಿಸಲು ಮನೀಷಾ ಕೂತಳು. ದಪ್ಪನೆಯವು ನಾಲ್ಕು ಡಜನ್ ಆದವು. ತೆಳುವಾದವು ಹನ್ನೆರಡು ಡಜನ್!

"ಖಾಲಾ, ಎರಡೂ ಗಂಟು ಒಂದೇ ಭಾರ ಇದ್ದವಲ್ಲ?"

"ಭಾರ ಒಂದೇ ಇದ್ರ ಎಣಿಕಿನೂ ಒಂದೇ ಆಗ್ತದೇನು ಬೇಟಿ? ಹಗುರ ಇದ್ದವು ಹೆಚ್ಚು ಬರ್ತಾವ. ಕಾಲೇಜಿನಾಗ ಇಷ್ಟೂ ಹೇಳಿಲ್ಲೇನು?"

ಹೇಳಿರಲಿಲ್ಲ. ಮನೀಷಾ ಕೈಯಲ್ಲಿದ್ದ ಡಜನ್ನನ್ನು ಕೆಳಗಿಡುವುದನ್ನೇ ಮರೆತು ಕೂತಳು.

ಸೋಮವಾರ ಸಂಜೀವಕುಮಾರರ ಎದುರು ನಿಂತು ಹೇಳಿದಳು: "ಸಮತೂಕ ಹಾಕಿದ್ರೂ ಮೆಥನಾಲಿನ ಅಣು ಹಗುರ ಇರ್ತಾವರಿ, ಅದಕ್ಕ ಎಣಿಕಿಯೊಳಗ ಅವೇ ಹೆಚ್ಚು. ಸರಾಸರಿ ಅವುಗಳ ಕಡೆ ವಾಲ್ತದ." ಬಳೆಯ ಕಥೆಯನ್ನೂ ಹೇಳಿದಳು.

ಸಂಜೀವಕುಮಾರ ಪೆನ್ನು ಕೆಳಗಿಟ್ಟರು. "ಇನ್ನೊಮ್ಮೆ ಹೇಳ್ರಿ. ನಿಧಾನಕ."

ತಪ್ಪಿತೇ? ಮತ್ತೆ ಹೇಳಿದಳು.

"ಆದ್ರ ನಲವತ್ತೇಳೂವರೆ ತೂಕದ ಅಣು ಡ್ರಮ್ಮಿನೊಳಗ ಎಲ್ಲಿ ಅದರಿ?"

"ಎಲ್ಲೂ ಇಲ್ರಿ ಸರ್, ಅದು ಬರೇ ಸರಾಸರಿ. ಅಂಥ ನಡುವಿನ ತೂಕದ ಬಳಿ ಗಂಟಿನೊಳಗೂ ಇರಲಿಲ್ಲ."

ಅವರು ಮೇಜಿನ ಖಾನೆಯಿಂದ ಖಾಯಂ ಪತ್ರ ತೆಗೆದರು. ಅದಕ್ಕೆ ಸಹಿ ಹಾಕಿ ಅವಳ ಕಡೆ ಸರಿಸಿದರು.

"ಹದಿನಾಲ್ಕು ವರ್ಷ ಸೂತ್ರ ಹಾಕಿ ಬರಕೋತ ಬಂದೇನ್ರಿ. ಯಾಕ ಅನ್ನೋದು ನನಗೂ ಗೊತ್ತಿರಲಿಲ್ಲ. ಯಾರನ್ನ ಕೇಳಲಿ? ಇಲ್ಲಿ ನಾನೇ ಸಾಹೇಬ."