ಹೆಂಗಸರ ಪ್ಯಾಂಟಿಗೆ ಕಿಸೆ ಇಟ್ಟ ಅಕ್ಕ

ಅಪ್ಪ ಬೀದರ್ ಕಡೆಯಿಂದ ಸರಕಾರಿ ಕೆಲಸಕ್ಕೆಂದು ನಾಸಿಕಕ್ಕೆ ಬಂದವರು. ಅವ್ವ ಬೇಗ ತೀರಿಕೊಂಡಿದ್ದಳು. ತಂಗಿಯಾದ ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ, ಮದುವೆಯಾದ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೇ ಮರಳಿದ್ದಳು.

ಅವಳು ಬಂದು ಆರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅವ್ವನ ಹೊಲಿಗೆ ಮಷೀನು ಒರೆಸಿ, ಗಂಡನ ಹಳೆಯ ಪ್ಯಾಂಟೊಂದನ್ನು ಬಿಚ್ಚಿ ತನ್ನ ಅಳತೆಗೆ ಹೊಲಿದಳು. ಕದ ಹಾಕಿಕೊಂಡು ಅದನ್ನು ತೊಟ್ಟು, ಎರಡೂ ಕಿಸೆಯಲ್ಲಿ ಕೈಯಿಟ್ಟು ನನ್ನೆದುರು ನಿಂತಳು.

"ಕೈಗೆ ಒಂದು ಜಾಗ ಸಿಕ್ಕಂಗ ಆಯ್ತು ನೋಡು," ಎಂದಳು. ಅವಳು ಮರಳಿ ಬಂದ ಮೇಲೆ ಅವಳ ನಗು ನಾನು ನೋಡಿದ್ದು ಅಂದೇ.

ನಾವು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿ ಹೆಂಗಸು ಗುಂಡಿಯ ಕಾಜಾ ಹೊಲಿಯುವುದರಲ್ಲಿ ನಿಪುಣೆ. ಇಬ್ಬರೂ ಸೇರಿ ನಮ್ಮ ಪಡಸಾಲೆಯಲ್ಲಿ ಅಂಗಡಿ ತೆಗೆದರು. ಅಕ್ಕ ಅದನ್ನು 'ಕಂಪನಿ' ಎನ್ನುತ್ತಿದ್ದಳು. ಬೋರ್ಡಿನ ಮೇಲೆ ಗಂಡಸರ ಬಟ್ಟೆ, ಹೆಂಗಸರ ಬಟ್ಟೆ ಎಂದು ಬರೆಸಲಿಲ್ಲ. ಬರೀ ಬಟ್ಟೆ ಎಂದು ಮರಾಠಿಯಲ್ಲಿ ಬರೆಸಿದಳು. ಸೈಕಲ್ ಮೇಲೆ ಕಾಲೇಜಿಗೆ ಹೋಗುವ ಹುಡುಗಿಯರು ಕಿಸೆಯಿರುವ ಪ್ಯಾಂಟು ಹೊಲಿಸಲು ಬಂದರು. ಕರಾವಳಿಯವರ ಹೋಟೆಲಿನಲ್ಲಿ ಅಡಿಗೆ ಮಾಡುತ್ತಿದ್ದ ಒಬ್ಬರು ತೀರಿಹೋದ ತಾಯಿಯ ಹೂವಿನ ಸೀರೆ ತಂದು, ಅದರಲ್ಲೇ ಒಂದು ಅಂಗಿ ಬೇಕೆಂದರು.

"ಗಂಡಸರು ಇಂಥದ್ದು ಹಾಕಿದರೆ ಜನ ನಗುವುದಿಲ್ಲವಾ?" ಎಂದು ಅವರೇ ಕೇಳಿದರು.

"ನಗ್ಲಿ ಬಿಡ್ರಿ. ನಿಮ್ಮ ಮೈಗೆ ಹಿತ ಆಗ್ತದೋ ಇಲ್ಲೋ ಅದಷ್ಟ ಹೇಳ್ರಿ," ಎಂದಳು ಅಕ್ಕ.

ಅಂಗಿ ಸಿದ್ಧವಾದ ದಿನ ಅವರು ಅದನ್ನು ತೊಟ್ಟುಕೊಂಡೇ ಹೊರಟರು. ಓಣಿಯವರು ನಕ್ಕರು. ಅಡಿಗೆಯವರು ತಲೆ ತಗ್ಗಿಸಲಿಲ್ಲ. ದಿನಾ ಕಾಲೇಜಿನಿಂದ ಬಂದು ನಾನು ದಾರ ಕತ್ತರಿಸುತ್ತಿದ್ದೆ. ನನಗೂ ಅಕ್ಕ ನೀಲಿ ಪ್ಯಾಂಟು ಹೊಲಿದುಕೊಟ್ಟಿದ್ದಳು. ಅದನ್ನು ತೊಟ್ಟು ಗೋದಾವರಿ ಸೇತುವೆಯ ಮೇಲೆ ಸೈಕಲ್ ಬಿಡುವಾಗ ನನಗಾಗುತ್ತಿದ್ದ ಸುಖ ಸುಳ್ಳಲ್ಲ. ಮುಂದೆ ನಾನು ಮಾಡಿದ್ದೂ ಸುಳ್ಳಲ್ಲ.

ಅಂಗಡಿ ತೆಗೆದ ಮೂರನೆಯ ವರ್ಷ ನನಗೊಂದು ಸಂಬಂಧ ಬಂತು. ಈಗ ಛತ್ರಪತಿ ಸಂಭಾಜಿನಗರವಾಗಿರುವ ಊರಿಗೆ ಆಗ ಔರಂಗಾಬಾದ್ ಎನ್ನುತ್ತಿದ್ದರು. ಅಲ್ಲಿದ್ದ ನಮ್ಮ ಕಡೆಯದೇ ಮನೆತನ, ಹುಡುಗ ಮಾಸ್ತರ. ನೋಡಲು ಬಂದ ದಿನ ಪಡಸಾಲೆಯಲ್ಲಿ ಅಕ್ಕ ಒಬ್ಬ ಹುಡುಗಿಯ ಸೊಂಟದಳತೆ ತೆಗೆಯುತ್ತಿದ್ದಳು. ಹುಡುಗನ ತಾಯಿ ಚಹಾ ಮುಟ್ಟಲಿಲ್ಲ.

"ಹುಡುಗಿ ಚಲೋ ಇದ್ದಾಳ್ರಿ. ಆದ್ರ ಈ ದುಕಾನ್ ನಿಮ್ಮ ಮನ್ಯಾಗ ಇರೂತನಕ ನಮಗ ಆಗಂಗಿಲ್ರಿ," ಎಂದರು ಅಪ್ಪನಿಗೆ.

ಅಪ್ಪ ಅಕ್ಕನಿಗೆ ಏನೂ ಹೇಳಲಿಲ್ಲ. ಹೇಳಿದವಳು ನಾನು. ಮರುದಿನ ಅವಳು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಾಗ ಹೋಗಿ ಎದುರು ನಿಂತೆ.

"ಅಕ್ಕಾ, ಇದನ್ನ ಮುಚ್ಚಿಬಿಡು."

"ನೀನೂ ಹಂಗ ಅಂತೀಯೇನು?"

"ನೀ ಹೆಂಗೂ ಎಲ್ಲಾ ನೋಡಿ ಬಂದಾಕಿ. ನನ್ನ ಬಾಳೇವು ಇನ್ನ ಶುರುನೂ ಆಗಿಲ್ಲ."

ಅವಳು ಆ ಗೆರೆಯನ್ನು ಪೂರ್ತಿ ಎಳೆದು, "ಆಯ್ತು," ಎಂದಳು. ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ಹೊಲಿದುಕೊಟ್ಟು ಹದಿನೈದು ದಿನಗಳಲ್ಲಿ ಬೋರ್ಡು ಇಳಿಸಿದಳು. ನನ್ನ ಮದುವೆಗೆ ಕಾಕು ಬರಲಿಲ್ಲ.

ಅತ್ತೆಮನೆ ಕೆಟ್ಟದ್ದಾಗಿರಲಿಲ್ಲ. ತಲೆಯ ಮೇಲೆ ಸೆರಗು, ಎರಡು ಮಕ್ಕಳು, ದಿನಗಳು ಸರಿದವು. ಅಪ್ಪ ಹೋದ ಮೇಲೆ ಅಕ್ಕ ನಾಸಿಕದ ಹತ್ತಿರದ ದೇವಳಾಲಿ ಕ್ಯಾಂಪಿನಲ್ಲಿ ಸಿಪಾಯಿಗಳ ಯೂನಿಫಾರ್ಮ್ ಹೊಲಿಯುವ ಅಂಗಡಿಗೆ ಸೇರಿದಳು. ಒಮ್ಮೆ ಅವಳನ್ನು ನೋಡಲು ಹೋದೆ. ಕೂದಲು ನರೆತಿತ್ತು. ಮುಂದೆ ಮಿಲಿಟರಿ ಹಸಿರು ಬಟ್ಟೆಯ ರಾಶಿ.

"ನಾ ಅವತ್ತು ಹಂಗ ಅನ್ನಬಾರದಿತ್ತು, ಅಕ್ಕಾ," ಎಂದೆ.

ಮಷೀನು ನಿಲ್ಲಿಸಿ ಅವಳು ನನ್ನ ಮುಖ ನೋಡಿದಳು. "ನಿಮ್ಮತ್ತಿ ಅಂದಿದ್ದಕ್ಕ ನಾ ಮುಚ್ತಿದ್ದಿಲ್ಲ. ಊರಿಗೆ ಊರೇ ಅಂದಿದ್ರೂ ಮುಚ್ತಿದ್ದಿಲ್ಲ. ನೀ ಅಂದಿ ಅಂತ ಮುಚ್ಚಿದೆ."

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಅಳಲಾದರೂ ಆಗುತ್ತಿತ್ತು. ನಮ್ಮ ಮನೆಗೆ ಬಂದಿರು ಎಂದು ಕರೆದೆ. "ಅಲ್ಲಿ ಬಂದು ನಾ ಏನ್ ಮಾಡ್ಲಿ?" ಎಂದು ಮತ್ತೆ ಮಷೀನು ತುಳಿಯತೊಡಗಿದಳು.

ಅದಾಗಿ ಎರಡು ವರ್ಷಕ್ಕೆ ಅಕ್ಕ ಕಾಮಾಲೆಯಲ್ಲಿ ಹೋಗಿಬಿಟ್ಟಳು. ತಂತಿ ಬಂದು, ಮನ್ಮಾಡದಲ್ಲಿ ಗಾಡಿ ಬದಲಿಸಿ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಡಿಯ ಮಾಲಕರು ಅವಳ ಕೈಕೆಲಸವನ್ನು ಬಹಳ ಹೊಗಳಿದರು. "ಇಷ್ಟು ಚೊಕ್ಕ ಹೊಲಿಗೆ ಎಲ್ಲಿ ಕಲಿತಿದ್ದರು?" ಎಂದು ಹಿಂದಿಯಲ್ಲಿ ಕೇಳಿದರು. ಅವಳದೇ ಒಂದು ಕಂಪನಿ ಇತ್ತೆಂದು ಅವಳು ಅವರಿಗೆ ಹೇಳಿರಲಿಲ್ಲ. ನಾನೂ ಮನೆಯಲ್ಲೇ ಕಲಿತಳು ಎಂದಷ್ಟೇ ಹೇಳಿ, ಅವಳ ಟ್ರಂಕು ಎತ್ತಿಕೊಂಡು ಸ್ಟೇಷನ್ನಿಗೆ ನಡೆದೆ.