ಒಡೆದ ಎಕ್ಕಾ, ಹೋದ ಐತವಾರ

ತಪ್ಪು ನನ್ನದೇ. ಬಾವಿಯ ನೀರನ್ನು ಇಸ್ಪೀಟಿನ ಎಲೆಯಾಟಕ್ಕೆ ಹಚ್ಚಿದವನು ನಾನು, ನಿಯಮ ಸಡಿಲಿಸಿದವನೂ ನಾನು.

ತೊಂಬತ್ತರ ದಶಕದ ಆರಂಭ. ಐನಾಪುರದ ನಮ್ಮ ದ್ರಾಕ್ಷಿ ತೋಟಕ್ಕೂ ಕಾಕಾನ ತೋಟಕ್ಕೂ ಒಂದೇ ಬಾವಿ. ಮೂರು ದಿನ ನಮ್ಮ ಪಾಳಿ, ಮೂರು ದಿನ ಅವನದು. ಉಳಿದ ಐತವಾರಕ್ಕೆ ವಾರವಾರವೂ ಜಗಳ. ಛಾಟ್ನಿ ಮುಗಿದು, ಸವರಿದ ಬಳ್ಳಿ ಚಿಗುರುವ ಹೊತ್ತು. ನೀರು ತಪ್ಪಿದರೆ ಅಪ್ಪ ಕತ್ತರಿ ಹಿಡಿದು ನನ್ನನ್ನೇ ಸವರುತ್ತಿದ್ದ.

ಆಗಷ್ಟೇ ಗೋವಾಕ್ಕೆ ಹೋಗಿ, ಬಿಳಿ ಪ್ರವಾಸಿಗರು ಬ್ಲ್ಯಾಕ್‌ಜಾಕ್ ಆಡುವುದನ್ನು ನೋಡಿ ಬಂದಿದ್ದೆ. ಎಲೆ ಹಂಚುವವನ ಹುಬ್ಬು, ಕೆಮ್ಮು, ಬೆರಳಿನ ಚಿಟಿಕೆ ಎಲ್ಲವನ್ನೂ ಕದ್ದು ತಂದಿದ್ದೆ. ಬುದ್ಧಿಯೊಂದು ಅಲ್ಲೇ ಉಳಿಯಿತು.

"ಐತವಾರದ್ದು ಆಟದಾಗ ತೀರಸೂಣು ಕಾಕಾ," ಎಂದು ಒಂದು ಮಧ್ಯಾಹ್ನ, ದ್ರಾಕ್ಷಿ ಒಣಗಿಸುವ ಮನುಕದ ಶೆಡ್ಡಿನಲ್ಲಿ ಕೂತೆ. ಇಪ್ಪತ್ತೊಂದಕ್ಕೆ ಹತ್ತಿರವಿದ್ದವನು ಗೆದ್ದ, ದಾಟಿದವನು ಸತ್ತ. ಎಕ್ಕಾ ಒಂದೂ ಆದೀತು, ಹನ್ನೊಂದೂ ಆದೀತು. ಜೋಡಿ ಬಂದರೆ ಒಡೆದು ಎರಡು ಕೈ ಮಾಡಬಹುದು, ಕೈಗೊಂದು ಐತವಾರ ಪಣ.

"ಒಡದ ಮ್ಯಾಲ ಎಷ್ಟ ಎಲಿ?"

ಗೋವಾದಲ್ಲಿ ಒಡೆದ ಎಕ್ಕಾಕ್ಕೆ ಒಂದೇ ಎಲೆ, ಮತ್ತೆ ಒಡೆಯುವಂತಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ತೀರ್ಪು ಕೊಟ್ಟಿದ್ದ.

"ಹಿಸೆ ಆದ ಮ್ಯಾಲ ಅವರವರ ಮನಿ, ಅವರವರ ಅಡಿಗಿ. ಬೇಕಾದಷ್ಟ ಎಲಿ ತಗೋತೀನಿ. ಮಗಾ ಬ್ಯಾರೆ ಆಗತೀನಿ ಅಂದ್ರ ಅವಂಗೂ ಹಿಸೆ."

ಅರ್ಧ ತಾಸು ತಲೆ ತಿಂದ. "ಆತ ಬಿಡ ಮಾರಾಯಾ, ಹಂಗ ಆಡು," ಅಂದೆ.

ಮೊದಲ ಆಟದಲ್ಲೇ ಅವನಿಗೆ ಎರಡು ಎಕ್ಕಾ. ಒಡೆದ. ಒಂದರ ಮೇಲೆ ಐದು, ಇನ್ನೊಂದರ ಮೇಲೆ ಮತ್ತೊಂದು ಎಕ್ಕಾ ಬಿತ್ತು. ಅದನ್ನೂ ಒಡೆದ. ಮೂರು ಕೈ, ಮೂರು ಐತವಾರ. ಬೆರಳು ಮಡಚಿ ಎಣಿಸುತ್ತ ಎಲೆಯ ಮೇಲೆ ಎಲೆ ಕೇಳಿ ಇಪ್ಪತ್ತು, ಇಪ್ಪತ್ತು, ಇಪ್ಪತ್ತೊಂದು ಮಾಡಿದ. ನನ್ನದು ಮೊದಲೆರಡು ಎಲೆಗೇ ಹತ್ತೊಂಬತ್ತು.

ಗೋವಾದ ನಿಯಮವಿದ್ದಿದ್ದರೆ ಅವನಿಗೆ ಎರಡೇ ಕೈ: ಒಂದು ಹನ್ನೆರಡಕ್ಕೆ, ಇನ್ನೊಂದು ಹದಿನಾರಕ್ಕೆ ನಿಂತು ಎರಡೂ ಸೋಲುತ್ತಿದ್ದವು. ಎಲೆಗಳು ಅವೇ. ಸಡಿಲಿಸಿದ ಎರಡು ನಿಯಮಗಳು ನನ್ನ ಗೆಲುವನ್ನು ಎತ್ತಿ ಅವನ ಕಾಲುವೆಗೆ ತಿರುಗಿಸಿದ್ದವು.

"ಕಾಕಾ, ಗೋವಾದಾಗ ಎಕ್ಕಾಕ್ಕ ಒಂದ ಎಲಿ," ಎಂದು ಅಲ್ಲಿಯ ಎಲೆ ಹಂಚುವವನಂತೆ ಹುಬ್ಬೇರಿಸಿ, ಅವನಂತೆಯೇ ಕೆಮ್ಮಿದೆ.

ಕಾಕಾ ಎದ್ದು ಧೋತರ ಝಾಡಿಸಿದ.

"ಹಂಗಾರ ಮೂರ ಐತವಾರ ನಿನ್ನ ಬಳ್ಳಿಗೆ ಗೋವಾದಿಂದನ ನೀರ ತಂದ ಹಾಯ್ಸಕೊ ಲೇ."